ಮೂರನೇ ಚಾನೆಲ್

"ಕೈ ತೆಗೀರಿ! ಅದು ನನ್ನ ಸಿಂಥ್!"

ಗುಂಡ್ಲುಪೇಟೆಯ ಮೈಕ್‌ಸೆಟ್ ಅಂಗಡಿಯಲ್ಲಿ ಬಗ್ಗಿ ಕೂತಿದ್ದ ರವಿಕುಮಾರ ಬೆಚ್ಚಿ ತಲೆಯೆತ್ತಿದ. ಬಾಗಿಲಲ್ಲಿ ಹರವೆಯ ಶಿವರಂಜಿನಿ. ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಕೋಪ!

ಬದನಗುಪ್ಪೆಯ ಬಟ್ಟೆ ಫ್ಯಾಕ್ಟರಿಯಲ್ಲಿ ಎರಡು ವರ್ಷ ದುಡಿದು ಅವಳು ಕೊಂಡಿದ್ದ ಸಿಂಥಸೈಜರ್ ಅದು, ದನಿಯನ್ನು ಬೇಕಾದಂತೆ ತಿದ್ದಬಹುದಾದ ಕೀಬೋರ್ಡು. ಅವಳಿಗೆ ನೋಡುತ್ತಿದ್ದ ಗಂಡಿನ ಕಡೆಯವರಿಗೆ ಇದೆಲ್ಲ ಹಿಡಿಸಲ್ಲ ಎಂದು ಅಣ್ಣ ದೊರೆಸ್ವಾಮಿ ಅವಳಿಗೆ ಹೇಳದೆ ಈ ಅಂಗಡಿಗೆ ಮಾರಿದ್ದ.

"ನಿಮ್ಮದು ಅಂತ ಗೊತ್ತಿರಲಿಲ್ಲ... ತಗೊಂಡೋಗಿ. ಆದ್ರೆ ಕೆಟ್ಟೋಗಿರ್ಬೇಕು. ಸೀಕ್ವೆನ್ಸರ್‌ಗೆ ಜೋಡಿಸಿದ್ರೆ ಸದ್ದೇ ಇಲ್ಲ."

ಸೀಕ್ವೆನ್ಸರ್ ಅಂದರೆ ಮೇಜಿನ ಮೇಲಿದ್ದ ಹದಿನಾರು ಗುಂಡಿಗಳ ಪುಟ್ಟ ಪೆಟ್ಟಿಗೆ. ಯಾವ ಸ್ವರ ಯಾವಾಗ ಬರಬೇಕೆಂದು ಅದರಲ್ಲಿ ಒತ್ತಿಟ್ಟರೆ ಸಾಕು, ಸಿಂಥ್ ತಾನೇ ನುಡಿಯಬೇಕು.

ಶಿವರಂಜಿನಿ ಕಣ್ಣೊರೆಸಿಕೊಂಡಳು.

"ಕೆಟ್ಟಿಲ್ಲ. ನಾನು ಇದನ್ನ ಮೂರನೇ ಚಾನೆಲ್‌ಗೆ ಇಟ್ಟಿದ್ದೆ. ನಿಮ್ಮ ಪೆಟ್ಟಿಗೆ ಒಂದನೇದ್ರಲ್ಲಿ ಕೂಗ್ತಾ ಇದೆ. ಇದಕ್ಕೆ ಹೆಂಗೆ ಕೇಳಿಸ್ಬೇಕು?"

ಅವನು ಪೆಟ್ಟಿಗೆಯನ್ನು ಮೂರನೇ ಚಾನೆಲ್ಲಿಗೆ ಬದಲಿಸಿದ. ದೀಪಗಳು ಒಂದಾದ ಮೇಲೊಂದು ಓಡಿದವು... ಸಿಂಥ್ ನುಡಿಯಿತು! ಅವಳು ನಾಬ್ ತಿರುಗಿಸಿದಳು. ಮಂಕಾಗಿದ್ದ ದನಿ ಮೆಲ್ಲಗೆ ಬಿಚ್ಚಿಕೊಂಡಿತು. ಇಬ್ಬರೂ ನಕ್ಕರು.

"ಮನೆಗೆ ಒಯ್ದರೆ ಅಣ್ಣ ಮತ್ತೆ ಮಾರ್ತಾನೆ. ಇಲ್ಲೇ ಇರ್ಲಿ... ಭಾನುವಾರ ಬರ್ತೀನಿ."

ಮೂರು ಭಾನುವಾರ ಬಂದಳು. ಅವನು ಸ್ವರ ಕೂಡಿಸಿದ, ಅವಳು ದನಿ ತಿದ್ದಿದಳು. ಟೀ ಆರಿಹೋದದ್ದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ನಾಲ್ಕನೆಯ ವಾರ ಅಣ್ಣನಿಗೆ ತಿಳಿಯಿತು. ಫೋನ್ ಕಿತ್ತುಕೊಂಡ. ಕೆಲಸ ಬಿಡಿಸಿದ. ಕೋಣೆಗೆ ಹೊರಗಿನಿಂದ ಚಿಲಕ!

"ಆ ಮೈಕ್‌ಸೆಟ್ನವ್ನು ನಿನ್ ಸಿಂಥ್ನ ಕೇರಳದವ್ರಿಗೆ ಮಾರ್ಬುಟ್ಟ ಕಣಮ್ಮಿ. ಮರ್ತ್ಬುಡು."

ಮಾರಿಬಿಟ್ರಾ...? ನನ್ನನ್ನೂ ಅಷ್ಟು ಸುಲಭವಾಗಿ ಮರೆತರಾ?

ಒಂದೇ ಕಿಟಕಿ. ಅದರಾಚೆ ಅರಿಶಿನದ ಹೊಲ. ಹನ್ನೆರಡು ದಿನ ಅವಳಿಗೆ ಕಂಡದ್ದು ಅಷ್ಟೇ. ಅವ್ವ ಊಟ ಇಟ್ಟು, ಮುಖ ನೋಡದೆ ಹೋಗುತ್ತಿದ್ದಳು. ಗೋಡೆಗಳು ದಿನವೂ ಒಂದೊಂದು ಗೇಣು ಹತ್ತಿರ ಬಂದಂತೆ ಅನಿಸುತ್ತಿತ್ತು.

ಅತ್ತ ರವಿಕುಮಾರನಿಗೆ ದೊರೆಸ್ವಾಮಿ ಹೇಳಿದ್ದೇ ಬೇರೆ. "ಮದ್ವೆ ಗೊತ್ತಾಯ್ತು. ಅವ್ಳೇ ಒಪ್ಕಂಡವ್ಳೆ. ಫೋನ್ ಮಾಡ್ಬೇಡ."

ಹದಿಮೂರನೇ ದಿನ ಗಂಡಿನವರು ಬಂದರು. ಮನೆಯವರು ಚಿಲಕ ತೆಗೆದು ಅವಳ ಕೈಗೆ ಕಾಫಿ ತಟ್ಟೆ ಕೊಟ್ಟರು. ನಡುಮನೆಗೆ ಬಂದು ನಿಂತಳು. ತಟ್ಟೆಯನ್ನು ಗಂಡಿನವರ ಮುಂದಿಟ್ಟಳು.

"ನನ್ನ ಕೂಡಾಕಿ ಈ ಮದ್ವೆ ಮಾಡ್ತಾವ್ರೆ. ನಂಗೆ ಒಪ್ಪಿಗೆ ಇಲ್ಲ."

ಗಂಡಿನ ತಂದೆ ಲೋಟ ಮುಟ್ಟದೆ ಎದ್ದರು. ದೊರೆಸ್ವಾಮಿ ಕೈಯೆತ್ತಿದ. ಆ ಕೈಯನ್ನು ಅವ್ವ ಪುಟ್ಟಸಿದ್ದಮ್ಮ ಗಟ್ಟಿಯಾಗಿ ಹಿಡಿದಳು.

"ಮುಟ್ಬೇಡ ಕಣ್ಲಾ! ಇಷ್ಟ್ ದಿನ ಸುಮ್ನಿದ್ದು ನಾನೇ ತಪ್ಪು ಮಾಡ್ಬುಟ್ಟೆ. ನೀ ಓಗವ್ವ..."

ಸಿಕ್ಕ ಬಸ್ಸು ಹತ್ತಿ ಅವಳು ಗುಂಡ್ಲುಪೇಟೆಯಲ್ಲಿ ಇಳಿದಳು. ಮಾರಿದ್ದು ನಿಜವೇ ಎಂದು ಅವನ ಬಾಯಿಂದಲೇ ಕೇಳಬೇಕಿತ್ತು.

ಅಂಗಡಿಯ ಮೇಜಿನ ಮೇಲೆ ಸಿಂಥ್ ಹಾಗೆಯೇ ಇತ್ತು! ಮೇಲೊಂದು ಒಗೆದ ಟವೆಲ್ ಹೊದಿಸಿತ್ತು.

"ಮದ್ವೆಗೆ ಕರೆಯೋಕೆ ಬಂದ್ರಾ?" ರವಿಕುಮಾರ ಎದ್ದು ನಿಂತ.

"ಮದ್ವೆ ಬೇಡ ಅಂತ ಹೇಳಿ ಬಂದೆ. ನೀವು ಇದನ್ನ ಮಾರಿಬಿಟ್ರಿ ಅಂತ ಅಣ್ಣ ಅಂದಿದ್ದ..."

"ನಿಮ್ಮದನ್ನ ಮಾರೋಕೆ ನಾನ್ಯಾರು?"

ಶಿವರಂಜಿನಿ ಒಂದು ಹೆಜ್ಜೆ ಒಳಗಿಟ್ಟಳು.

"ಯಾರಾಗ್ಬೇಕು ಅಂತಿದ್ದೀರಾ?"

ಅವನ ಕಿವಿ ಕೆಂಪಾಯಿತು. "ಹೇಳಿದ್ರೆ... ಬೈದು ಹೊರಟುಹೋಗ್ತೀರಾ?"

"ಬೈತೀನಿ," ಅಂದಳು ಅಳುತ್ತ, ನಗುತ್ತ. "ಹೋಗಲ್ಲ."