ಎಳೀಬ್ಯಾಡ್ರಿ ಟೀಚರ್

“ಎಳೀಬ್ಯಾಡ್ರಿ ಅಂದೆ, ಎಳದ್ರಿ,” ಎಂದ ಗವಿಸಿದ್ದೇಶ.

ಥರ್ಮಾಕೋಲಿನ ಪುಟ್ಟ ವಿಮಾನ ಡೋಣಿ ಊರಿನ ಬೀಳು ಹೊಲದಲ್ಲಿ ಮೂತಿ ಊರಿ ನಿಂತಿತ್ತು. ರೋಹಿಣಿ ರಿಮೋಟ್ ಹಿಡಿದುಕೊಂಡೇ ತುಟಿ ಕಚ್ಚಿದಳು. ಎಳೆಯುವುದು ಅವಳ ಮನೆತನದ ಚಾಳಿ. ಬೆಟಗೇರಿಯ ಮಗ್ಗದ ಮುಂದೆ ಬೆಳೆದ ಕೈ ಅದು. ನೂಲು ಸಡಿಲಾಯಿತೆಂದರೆ ಬುದ್ಧಿಗಿಂತ ಮೊದಲೇ ಬೆರಳು ಎಳೆದಿರುತ್ತದೆ. ವಿಮಾನ ಇಳಿಯತೊಡಗಿದರೂ ಅದೇ ಕಥೆ, ಮೂತಿ ಎತ್ತುವ ಕಡ್ಡಿಯನ್ನು ಹೆಬ್ಬೆರಳು ಎಳೆದುಬಿಡುತ್ತದೆ.

“ಬೀಳಾಕತ್ತಿತ್ತಲ್ರಿ. ಮ್ಯಾಲ ಎತ್ತಬೇಕಲ್ಲ?”

“ನಿಧಾನ ಹೊಂಟಾಗ ಮೂತಿ ಎತ್ತಿದ್ರ ಮ್ಯಾಲ ಏರಂಗಿಲ್ಲ, ಇದ್ದ ವೇಗಾನೂ ಸಾಯ್ತೈತಿ. ಮೂತಿ ಹಂಗ ಬಿಟ್ಟು ಮೋಟರ್ ಚೂರು ಜಾಸ್ತಿ ಮಾಡ್ರಿ. ತಾನ ತಡಕೊಂತೈತಿ.”

“ಮತ್ತ ನೀವ್ಯಾಕ ಸ್ವಿಚ್ ಒತ್ತಲಿಲ್ಲ?”

“ಆ... ಕೈ ತಡಾ ಆತ್ರಿ.” ಹೇಳುತ್ತಾ ಗುಡ್ಡದ ಗಾಳಿಯಂತ್ರಗಳ ಕಡೆ ನೋಡಿದ. ಕಿವಿ ಮಾತ್ರ ಕೆಂಪಾಗಿತ್ತು.

ಮುಂಡರಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ರೋಹಿಣಿಗೆ ಮಕ್ಕಳ ಮುಂದೆ ವಿಮಾನ ಹಾರಿಸಿ ತೋರಿಸುವ ಆಸೆ. ಶಾಲೆಯ ಮೈದಾನವೋ ಗೇಣುದ್ದ, ಸುತ್ತ ಕಂಪೌಂಡು. ವೇಗವಾಗಿ ಇಳಿಸಿದರೆ ಸೀದಾ ಗೋಡೆಗೇ. ಹಾಗಾಗಿ ರವಿವಾರಕ್ಕೊಮ್ಮೆ ಡೋಣಿಗೆ ಬಂದು ಗವಿಸಿದ್ದೇಶನ ಹತ್ತಿರ ನಿಧಾನ ಇಳಿಸುವ ಪಾಠ. ಅವನು ಉಳ್ಳಾಗಡ್ಡಿ ಬೆಳೆಯುವ ರೈತ, ಬಿಡುವು ಸಿಕ್ಕರೆ ವಿಮಾನ ಮಾಡುವ ಹುಚ್ಚ. ಇಬ್ಬರ ಕೈಯಲ್ಲೂ ಒಂದೊಂದು ರಿಮೋಟು, ನಡುವೆ ಒಂದು ವೈರು. ಅವಳು ತಪ್ಪಿದರೆ ತಾನು ಸ್ವಿಚ್ ಒತ್ತಿ ವಿಮಾನ ಹಿಡಿದುಕೊಳ್ಳುತ್ತೇನೆಂದು ಅವನು ಮೊದಲ ದಿನವೇ ಹೇಳಿದ್ದ.

ಇತ್ತೀಚೆಗೆ ವಿಮಾನ ಬೆಣ್ಣೆಯಂತೆ ಇಳಿಯುತ್ತಿತ್ತು. ಅದು ತನ್ನ ಕೈಯೋ ಅವನ ಸ್ವಿಚ್ಚೋ, ಅವಳಿಗೆ ತಿಳಿಯುತ್ತಿರಲಿಲ್ಲ. ತಿಳಿಯದ ಇನ್ನೊಂದು ಸಂಗತಿಯೂ ಇತ್ತು. ಚೆನ್ನಾಗಿ ಇಳಿದ ದಿನ ಈ ಮನುಷ್ಯ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದ. ಇವತ್ತು ಬಿದ್ದದ್ದಕ್ಕೆ ಸಿಳ್ಳೆ ಹಾಕುತ್ತಾ ಟೇಪು ಹಚ್ಚುತ್ತಿದ್ದಾನೆ. ನಾನು ಕಲಿಯುವುದು ಇವನಿಗೆ ಬೇಕೋ ಬೇಡವೋ?

ಇವತ್ತು ಬಿದ್ದದ್ದಕ್ಕೆ ಕಾರಣ ಬೇರೆಯೇ ಇತ್ತು. ಬೆಳಗಿನಿಂದ ಬಾಯಿಗೆ ಬಂದು ಬಂದು ಒಳಗೆ ಹೋಗುತ್ತಿದ್ದ ಮಾತನ್ನು ಅವಳು ಈಗ ಹೇಳಿಯೇ ಬಿಟ್ಟಳು.

“ಬರೋ ರವಿವಾರ ನಾ ಬರಂಗಿಲ್ರಿ. ಲಕ್ಷ್ಮೇಶ್ವರದಿಂದ ನನ್ನ ನೋಡಾಕ ಬರ್ತಾರ. ನೇಕಾರರ ಪೈಕೀನ. ಅವ್ವಗ ಮನಸ್ಸಿಗೆ ಬಂದೈತಿ.”

ಸಿಳ್ಳೆ ನಿಂತಿತು. ಟೇಪು ಅವನ ಎರಡು ಬೆರಳಿಗೇ ಸುತ್ತಿಕೊಂಡಿತು. ಅದನ್ನು ಬಿಡಿಸುತ್ತಾ, ತಲೆ ಎತ್ತದೆ ಅಂದ: “ಚೊಲೋ ಆತಲ್ರಿ.”

ರೋಹಿಣಿಗೆ ಮೈಯೆಲ್ಲ ಉರಿಯಿತು. ಬ್ಯಾಡ ಅನ್ನಬಾರದಿತ್ತೇ? ಆದರೆ ಯಾವ ಹಕ್ಕಿನಿಂದ ಅನ್ನಬೇಕು? ಒಂದು ದಿನವಾದರೂ ಬೇರೆ ಮಾತು ಆಡಿದವನಲ್ಲ. ತಾನು ತಾನೇ ಏನು ಆಡಿದ್ದಳು? ಅವನು ಬೇಕು ಎಂದು ತನಗೇ ಗೊತ್ತಾದದ್ದು ಆ ಹಾಳು ‘ಚೊಲೋ ಆತಲ್ರಿ’ ಕೇಳಿದ ಮೇಲೆ.

“ಇನ್ನೊಂದ್ಸಲ ಹಾರಿಸ್ತೀನಿ. ಈ ಸಲ ನೀವು ಸ್ವಿಚ್ ಮುಟ್ಟಂಗಿಲ್ಲ.”

“ಇಲ್ರಿ.”

ವಿಮಾನ ಒಂದು ಸುತ್ತು ಹೊಡೆದು, ಹೊಲದ ಬದುವಿನ ಮೇಲಿಂದ ಇಳಿಯತೊಡಗಿತು. ನಿಧಾನ, ಇನ್ನೂ ನಿಧಾನ. ಎತ್ತರ ಕಳೆದುಕೊಂಡಾಗ ಹೆಬ್ಬೆರಳು ಎಳೆಯಲು ತುಡಿಯಿತು. ಅವಳು ಎಳೆಯಲಿಲ್ಲ. ಮೋಟರ್ ಚೂರೇ ಜಾಸ್ತಿ ಮಾಡಿದಳು. ವಿಮಾನ ಉಸಿರು ಹಿಡಿದು ತಡೆದುಕೊಂಡಿತು. ನೆಲಕ್ಕೆ ಮೊಣಕಾಲುದ್ದ ಉಳಿದಾಗ ಮೋಟರ್ ಬಂದ್ ಮಾಡಿದಳು. ಚಕ್ರ ಮಣ್ಣಿಗೆ ತಾಗಿ, ವಿಮಾನ ನಾಲ್ಕು ಮಾರು ಉರುಳಿ ನಿಂತಿತು.

ತಿರುಗಿ ನೋಡಿದರೆ ಗವಿಸಿದ್ದೇಶನ ಮುಖ ಮತ್ತೆ ಸಣ್ಣದು.

“ಖರೆ ಹೇಳ್ರಿ. ನೀವ ಇಳಿಸಿದ್ರಿ, ಹೌದಲ್ಲ?”

ಅವಳು ಸರಕ್ಕನೆ ಅವನ ರಿಮೋಟ್ ಕಸಿದುಕೊಂಡಳು. ಅದು ಹಗುರವಿತ್ತು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ಬರೀ ಖಾಲಿ.

“ಇದರಾಗ ಸೆಲ್ಲ ಇಲ್ಲ.”

“ಇಲ್ರಿ.”

“ಯಾವಾಗಿಂದ?”

“ದೀಪಾವಳಿಯಿಂದ.” ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. “ವಿಮಾನ ಅವತ್ತಿಂದ ನಿಮ್ಮ ಕೈಯಾಗ ಐತಿ. ನೀವು ಕಲ್ತು ಭಾಳ ದಿನ ಆತ್ರಿ ಟೀಚರ್. ಕಲ್ತೀರಿ ಅಂದ್ರ ಬರೂದು ಬಿಡ್ತಿದ್ರಿ. ನೀವಂದ್ರ ನನಗ ಜೀವ. ಹೇಳಾಕ ಬಾಯಿ ಬರಲಿಲ್ಲ.”

ಇಷ್ಟು ದಿನ ಮೋಸ ಹೋದೆನೆಂದು ಸಿಟ್ಟು. ಆ ಎಲ್ಲ ಇಳಿತವೂ ತನ್ನದೇ ಎಂದು ಹಿಗ್ಗು. ಅವನ ಕೊನೆಯ ಮಾತಿಗೆ ಕಣ್ಣು ತುಂಬಿ ಬಂದದ್ದು ಬೇರೆ. ಯಾವುದನ್ನು ಮೊದಲು ಹಿಡಿಯಬೇಕೋ ಅವಳಿಗೆ ತೋಚಲಿಲ್ಲ.

“ಸಿಟ್ಟ ಬಂತೇನ್ರಿ?”

“ಬಂದೈತಿ. ಸಿಟ್ಟೋ ಏನೋ, ನನಗ ತಿಳೀವಲ್ದು. ಮತ್ತ ಚೊಲೋ ಆತು ಅಂತ ಯಾಕಂದ್ರಿ?”

“ಮತ್ತೇನ ಅನ್ಲಿ? ನಾವು ಒಕ್ಕಲುತನದ ಮಂದಿ. ನಿಮ್ಮ ಅವ್ವಾರು ಒಪ್ತಾರೇನು?”

ರೋಹಿಣಿ ಫೋನ್ ತೆಗೆದು, ಸ್ಪೀಕರ್ ಹಚ್ಚಿ, ಮನೆಗೆ ಹಚ್ಚಿದಳು. “ಯವ್ವಾ, ಲಕ್ಷ್ಮೇಶ್ವರದವರಿಗೆ ಬರಬ್ಯಾಡ್ರಿ ಅಂತ ಖಬರ ಮಾಡು.”

“ಯಾಕ? ಏನಾತು?” ಮಗ್ಗದ ಸದ್ದಿನ ನಡುವೆಯೂ ಅವಳವ್ವ ಬನಶಂಕರೆವ್ವನ ದನಿ ಹೊಲಕ್ಕೆಲ್ಲ ಕೇಳಿತು.

ರೋಹಿಣಿ ಫೋನನ್ನು ಅವನ ಕಡೆ ಚಾಚಿದಳು. “ಏನಾತು ಅಂತ ನೀವ ಹೇಳ್ರಿ.”

ಅವನು ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನ್ ಹಿಡಿದ. “ಅತ್ತಿಯಾರ...” ಎಂದು ನಾಲಿಗೆ ಕಚ್ಚಿಕೊಂಡ. “ಅಲ್ರಿ, ಅವ್ವಾರ, ನಾ ಡೋಣಿ ಗವಿಸಿದ್ದೇಶ. ರೋಹಿಣಿಯವರನ್ನ ಕೇಳಾಕ ಬರೋ ರವಿವಾರ ನಾವ ಬರ್ತೀವ್ರಿ.”

ಆ ಕಡೆ ಮಗ್ಗದ ಸದ್ದು ನಿಂತಿತು. ರೋಹಿಣಿ ಅವನ ಅಂಗಿಯ ತೋಳು ಗಟ್ಟಿಯಾಗಿ ಹಿಡಿದಿದ್ದಳು, ಯಾವಾಗ ಹಿಡಿದಳೋ ಅವಳಿಗೇ ಗೊತ್ತಿಲ್ಲ.

“ನಾ ಏನೂ ಒಪ್ಪಿಲ್ಲ ಮತ್ತ,” ಎಂದಳು ಬನಶಂಕರೆವ್ವ ಕೊನೆಗೆ. “ಎಷ್ಟ ಮಂದಿ ಬರ್ತೀರಿ?”