ಗೂಬೆ ಮುಚ್ಚದೆ ಬಿಟ್ಟ ಟ್ಯಾಗ್

ನನ್ನ ಪುಟ ನೋಡಿ ಅತ್ತಿಗೆ ನಕ್ಕಿದ್ದೇ ಇದಕ್ಕೆಲ್ಲ ಕಾರಣ.

"ಇದೇನೇ, ನೀರಿನ ಬಿಲ್ ಥರ ಇದೆ? ಇದನ್ನ ಓದಿ ಯಾರು ಹುಡುಕ್ಕೊಂಡು ಬರ್ತಾರೆ?"

ಜಿಯೋಕ್ಯಾಶ್ ಎಂದರೆ ಊರೊಳಗೆ ಎಲ್ಲೋ ಪುಟ್ಟ ಡಬ್ಬಿ ಬಚ್ಚಿಟ್ಟು, ಜಾಗದ ಗುರುತನ್ನು ವೆಬ್‌ಸೈಟಿನ ಪುಟದಲ್ಲಿ ಹಾಕುವ ಆಟ. ಹುಡುಕಿದವರು ಡಬ್ಬಿಯೊಳಗಿನ ಪುಸ್ತಕಕ್ಕೆ ಸಹಿ ಹಾಕುತ್ತಾರೆ. ನನ್ನ ಡಬ್ಬಿಗೆ ಎಂಟು ತಿಂಗಳಲ್ಲಿ ಮೂರೇ ಸಹಿ, ಅದರಲ್ಲಿ ಎರಡು ಅತ್ತಿಗೆಯವೇ. ಕನ್ನಡಕದಂಗಡಿಯಲ್ಲಿ ದಿನವಿಡೀ ಬೇರೆಯವರ ಕಣ್ಣು ಪರೀಕ್ಷಿಸುವ ನನಗೆ, ನನ್ನದನ್ನೂ ಯಾರಾದರೂ ಕಣ್ಣೆತ್ತಿ ನೋಡಲಿ ಎಂಬ ಆಸೆ. ವೆಬ್ ಪುಟ ಕಟ್ಟುವ ಭಾಷೆ ಎಚ್‌ಟಿಎಂಎಲ್ ಕಲಿಯಲು ಕೂತೆ.

ಕಲಿಸುವವರಿಲ್ಲ. ಹಾಗಾಗಿ ಗೂಬೆ ಎಂಬ ಅಡ್ಡಹೆಸರಿನವನ ಪುಟವನ್ನೇ ಕದ್ದೆ. ಪಾಳುಬಿದ್ದ ಪಂಪ್‌ಹೌಸಿನಲ್ಲಿಟ್ಟ ಡಬ್ಬಿಯದು. ಕಡುನೀಲಿ ಹಿನ್ನೆಲೆ, ತೆಳು ಬೆಳ್ಳಿ ಅಂಚು. ಅದರ ಸೋರ್ಸ್, ಅಂದರೆ ಪುಟದ ಹಿಂದಿನ ಕೋಡ್, ತೆರೆದರೆ ನಡುವೆ ಒಂದು ಕಾಮೆಂಟ್. ಕೋಡ್ ಬರೆಯುವವರು ತಮಗಾಗಿ ಗೀಚಿಕೊಳ್ಳುವ ಸಾಲು ಅದು, ಪುಟದ ಮೇಲೆ ಕಾಣಿಸುವುದಿಲ್ಲ.

<!-- ಇಷ್ಟು ಒಳಗೆ ಬಂದವರು ಯಾರು? -->

ಮೈ ಜುಮ್ಮೆಂದಿತು. ಅವನಿಗೆ ಸುದ್ದಿ ಮುಟ್ಟಲೆಂದು ನನ್ನ ಪುಟದ ಕೆಳಗೆ ಅವನ ಹೆಸರು ಹಾಕಿ, ಒಳಗೆ ಹಾಗೇ ಅಡಗಿಸಿ ಬರೆದೆ: "ನಾನು. ನಿಮ್ಮ ಕೋಡ್ ಕದ್ದವಳು."

ಮರುದಿನ ಅವನ ಸಾಲು ಬದಲಾಗಿತ್ತು.

"ಕದ್ದಿದ್ದು ಸರಿ. ದಪ್ಪಕ್ಷರದ ಟ್ಯಾಗ್ ಮುಚ್ಚಿಲ್ಲ ನೀವು. ಪುಟ ಪೂರ್ತಿ ಕಿರುಚ್ತಿದೆ."

ಶುರುವಿನ ಗುರುತು ಹಾಕಿದ ಮೇಲೆ ಕೊನೆಯ ಗುರುತೂ ಹಾಕಬೇಕಂತೆ; ಮುಚ್ಚಿದೆ. "ಮೇಷ್ಟ್ರು ತುಂಬಾ ಸ್ಟ್ರಿಕ್ಟಾ?" ಎಂದು ಬರೆದೆ.

"ಹಳದಿ ಅಕ್ಷರ ಹಾಕೋರಿಗೆ ಮಾತ್ರ."

ಮೂರು ವಾರ ಹೀಗೇ. ಒಬ್ಬ ಗಿರಾಕಿ ಹೋಗಿ ಇನ್ನೊಬ್ಬರು ಬರುವಷ್ಟರಲ್ಲಿ ಸೋರ್ಸ್ ತೆರೆದು ನೋಡುತ್ತಿದ್ದೆ. ಒಂದು ದಿನ ಅಲ್ಲಿ ಹೀಗಿತ್ತು:

"ನಿನ್ನೆ ಪಂಪ್‌ಹೌಸ್ ಬಾಗಿಲ ತನಕ ಬಂದ್ರಿ. ಕನ್ನಡಕ ಒರೆಸ್ಕೊಂಡು ವಾಪಸ್ ಹೋದ್ರಿ. ಯಾಕೆ?"

ಹೋಗಿದ್ದೆ, ನಿಜ. ಆದರೆ ಅಲ್ಲಿ ನರಪಿಳ್ಳೆಯೂ ಇರಲಿಲ್ಲ.

ಅತ್ತಿಗೆಗೆ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು.

"ಗೂಬೆನಾ? ಅವನು ಹೋಗಿ ಎರಡು ವರ್ಷ ಆಯ್ತಲ್ಲೇ! ನಾವೆಲ್ಲ ಶ್ರದ್ಧಾಂಜಲಿ ಬರೆದಿದ್ದೀವಿ."

ಅವನ ಪರಿಚಯದ ಪುಟ ತೋರಿಸಿದರು. ಕಪ್ಪು ಪರದೆ, ಒಂದೇ ಸಾಲು: ಗೂಬೆ ತೀರಿಹೋದ. ಕೆಳಗೆ ಅರವತ್ತನಾಲ್ಕು ಜನರ ಕಣ್ಣೀರು.

ಹೆದರಿಕೆಗಿಂತ ಹೆಚ್ಚಾಗಿ ದುಃಖವಾಯಿತು, ಆ ದುಃಖವೇ ನನ್ನನ್ನು ಇನ್ನಷ್ಟು ಹೆದರಿಸಿತು. ಇಲ್ಲದವನನ್ನು ಪ್ರೀತಿಸಿಬಿಟ್ಟೆನೇ? ಕೈ ತನ್ನ ಚಟದಂತೆ ಆ ಕಪ್ಪು ಪುಟದ ಸೋರ್ಸ್ ತೆರೆಯಿತು.

<!-- ಅಣ್ಣನ ಫೋಟೊ ಇಲ್ಲಿ
ನಾವಿಬ್ಬರು ಸೇರಿ ಒಂದು ಗೂಬೆ. ಹೋದವನು ಅಣ್ಣ. ಉಳಿದವನು ನಾನು.

ಕಾಮೆಂಟ್ ತೆರೆದವನು ಮುಚ್ಚಲು ಮರೆತಿದ್ದ. ಅವನು ಮುಂದೆ ಬರೆದಿದ್ದನ್ನೆಲ್ಲ ಅದು ನುಂಗಿಬಿಟ್ಟಿತ್ತು.

ಮಧ್ಯಾಹ್ನವೇ ಪಂಪ್‌ಹೌಸಿಗೆ ಓಡಿದೆ. ಈ ಸಲ ಒಳಗೂ ಹೋದೆ. ಬಿಸಿಲು ಬಾಗಿಲಲ್ಲೇ ನಿಂತಿತು. ನೀರು ನಿಂತು ಎಷ್ಟೋ ವರ್ಷವಾದ ಕೊಳವೆಯಲ್ಲಿ ಏನೋ ತೊಟ್ಟಿಕ್ಕುತ್ತಿತ್ತು. ಮೇಲಿನ ಅಟ್ಟದಲ್ಲಿ ಹೆಜ್ಜೆ ಸಪ್ಪಳ.

ಕೈಗೆಲ್ಲ ಗ್ರೀಸ್ ಮೆತ್ತಿಕೊಂಡವನೊಬ್ಬ ಮೆಟ್ಟಿಲಿಳಿದು ಬಂದ. ಪಕ್ಕದ ಹೊಸ ಪಂಪ್‌ಹೌಸಿನ ಮೆಕ್ಯಾನಿಕ್ ಅಂತೆ; ಊಟದ ಹೊತ್ತಿಗೆ ಇಲ್ಲಿ ಬಂದು ಕೂರುತ್ತಾನಂತೆ. ನನ್ನ ಕನ್ನಡಕ ನೋಡಿದ, ಗುರುತು ಹಿಡಿದ, ಕಣ್ಣು ತಗ್ಗಿಸಿದ.

"ನಿಮ್ಮ ಟ್ಯಾಗ್ ಮುಚ್ಚಿಲ್ಲ ರೀ," ಎಂದೆ.

"ಮಾರನೇ ದಿನವೇ ಗೊತ್ತಾಯ್ತು. ಅಷ್ಟೊತ್ತಿಗೆ ಎಲ್ರೂ ಅತ್ತು ಮುಗಿಸಿದ್ರು." ನಗಲು ನೋಡಿದ, ಆಗಲಿಲ್ಲ. "ಅಣ್ಣ ಇಲ್ದೆ ನಾನೊಬ್ನೇ ಇದ್ದೀನಿ ಅಂತ ಹೇಳ್ಕೊಳ್ಳೋಕೆ ಮನಸ್ಸೇ ಬರ್ಲಿಲ್ಲ. ನೀವು ಒಳಗೆ ಬಂದು ಓದೋ ತನಕ."

"ದೆವ್ವಕ್ಕೆ ಮನಸ್ಸು ಕೊಟ್ಟೆ ಅಂದ್ಕೊಂಡಿದ್ದೆ."

"ಈಗ?"

"ಕೈ ಕೊಡಿ, ನೋಡೋಣ."

ಬೆಚ್ಚಗಿತ್ತು. ಗ್ರೀಸ್ ನನ್ನ ಕೈಗೂ ಹತ್ತಿತು.

ಅವನು ಆ ಕಪ್ಪು ಪುಟದ ಕೋಡ್ ತೆರೆದು ಫೋನ್ ಕೊಟ್ಟ. "ನೀವೇ ಮುಚ್ಚಿ."

ಎರಡು ಗೀಟು, ಒಂದು ಬಾಣದ ಮೂತಿ; ಕಾಮೆಂಟ್ ಮುಚ್ಚಿತು. ಕಪ್ಪು ಪರದೆಯ ಮೇಲೆ ಎರಡು ವರ್ಷ ಅಡಗಿದ್ದ ಸಾಲು ಬೆಳ್ಳಗೆ ಮೂಡಿತು. ಅವನು ಗಟ್ಟಿಯಾಗಿ ಓದಿದ: "ಉಳಿದವನು ನಾನು." ಗೋಡೆಗಳಿಂದ ಪ್ರತಿಧ್ವನಿ ತುಸು ತಡವಾಗಿ, ಅವನ ದನಿಗಿಂತ ತುಸು ದಪ್ಪಗೆ ಬಂತು.

"ಅಣ್ಣನ ದನಿ ಹೀಗೇ ಇತ್ತು," ಎಂದ ಮೆಲ್ಲಗೆ.

ನಾನು ಅವನ ಕೈ ಬಿಡಲಿಲ್ಲ. ಇನ್ನೊಂದು ಕೈಯಲ್ಲಿ, ಎಲ್ಲರಿಗೂ ಕಾಣುವ ಹಾಗೆ, ಕೆಳಗೊಂದು ಸಾಲು ಸೇರಿಸಿದೆ:

ಈಗ ಮತ್ತೆ ಇಬ್ಬರು.