ಸಫಿಯತ್ ಕಲಸಿದ ತೆಂಪುರ

"ಯಾರು ಹೇಳಿದ್ದು ನಿನಗೆ ಇದನ್ನು ಕಲಸಲಿಕ್ಕೆ?"

ಕಲಂದರನ ದನಿಗೆ ಸಫಿಯತ್‌ಳ ಕೈ ಹಿಟ್ಟಿನ ಪಾತ್ರೆಯಲ್ಲೇ ನಿಂತುಬಿಟ್ಟಿತು. ಅವಳು ಸೌದಿಯ ಖಫ್ಜಿಗೆ ಬಂದು ವಾರವಾಗಿತ್ತು. ಗಂಡ ಬಾಯಿಬಿಟ್ಟು ಮಾತಾಡಿದ್ದು ಇದೇ ಮೊದಲು, ಅದೂ ಬೈಗುಳ!

"ಗಂಟುಗಂಟಾಗಿತ್ತು... ಅದಕ್ಕೆ ಚೆನ್ನಾಗಿ ಕಲಸಿ ಅರಿಶಿನ, ಮೆಣಸಿನಪುಡಿ ಹಾಕಿದೆ. ನಮ್ಮ ಬಜ್ಜಿ, ಪೋಡಿಗೆಲ್ಲ ಹಾಗೇ ಅಲ್ವಾ?"

"ಇದು ಪೋಡಿ ಅಲ್ಲ ಮಾರಾಯ್ತಿ, ಜಪಾನಿನವರ ತೆಂಪುರ. ಐಸ್ ನೀರು ಹಾಕಿ ಸ್ವಲ್ಪ ಕಲಸಿ ಬಿಡಬೇಕು, ಗಂಟು ಇರಲೇಬೇಕು. ಹೆಚ್ಚು ಕಲಸಿದರೆ ಗರಿಗರಿ ಆಗುವುದಿಲ್ಲ. ಮೈದಾ ಬೇರೆ ಮುಗಿಯಿತು."

ಕಲಂದರ್ ಎಣ್ಣೆ ಕಂಪೆನಿಯ ಜಪಾನಿ ಮೆಸ್ಸಿನಲ್ಲಿ ಅಡುಗೆಯವನು. ಕಂಪೆನಿಯ ಮ್ಯಾನೇಜರ್ ಒಕುಮುರಾ ಸಾಹೇಬರು ಇನ್ನೇನು ಇವರ ಮನೆಗೆ ಊಟಕ್ಕೆ ಬರುವವರಿದ್ದರು. ಅವರು ಮನಸ್ಸು ಮಾಡಿದರೆ ಫ್ಯಾಮಿಲಿ ಕ್ವಾರ್ಟರ್ಸ್. ಇಲ್ಲದಿದ್ದರೆ ವೀಸಾ ಮುಗಿದ ಕೂಡಲೇ ಸಫಿಯತ್ ಉಳ್ಳಾಲಕ್ಕೆ ವಾಪಸ್. ಗಂಡ ನಮಾಜಿಗೆ ಹೋಗಿ ಬರುವುದರೊಳಗೆ ಅವಳು ಎಲ್ಲ ಕೆಡಿಸಿಟ್ಟಿದ್ದಳು.

'ಹೇಗೂ ಇವರಿಗೆ ನಾನು ಬೇಡ. ಮುಖ ಕೊಟ್ಟು ಮಾತೇ ಆಡುವುದಿಲ್ಲ...' ಅವಳಿಗೆ ಅಳು ಉಕ್ಕಿ ಬಂತು.

ಹೊರಗೆ ಕಾರು ನಿಂತಿತು. ಬೇರೆ ದಾರಿಯೇ ಇರಲಿಲ್ಲ. ಕಲಂದರ್ ಅದೇ ಹಿಟ್ಟಿನಲ್ಲಿ ಸಿಗಡಿ, ಬದನೆ ಅದ್ದಿ ಕರಿದು ಬಡಿಸಿದ.

ಪರದೆಯ ಹಿಂದೆ ನಿಂತ ಸಫಿಯತ್‌ಗೆ ಅವರ ಇಂಗ್ಲಿಷ್ ತಿಳಿಯಲಿಲ್ಲ. 'ಮೈ ವೈಫ್' ಎಂದದ್ದು ಮಾತ್ರ ಕೇಳಿಸಿತು. ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟಿದರು ಎಂದುಕೊಂಡಳು. ಪಾಪ, ಅವಳಿಗೇನು ಗೊತ್ತು?

ಸಾಹೇಬರು ಹೋದ ಮೇಲೆ ಕಲಂದರ್ ಖಾಲಿ ತಟ್ಟೆ ಹಿಡಿದು ಒಳಬಂದ.

"ಎಂತ ಹೇಳಿದಿರಿ ಅವರಿಗೆ?"

"ನನ್ನ ಹೆಂಡತಿ ಕಲಸಿದ್ದು, ನಮ್ಮೂರಿನ ರುಚಿ ಅಂತ. ನಕ್ಕರು. ತೆಂಪುರ ಕೂಡ ಮೊದಲು ಅವರದ್ದಲ್ಲವಂತೆ. ನಾನೂರು ವರ್ಷದ ಹಿಂದೆ ಪೋರ್ಚುಗೀಸರು ಹಡಗಿನಲ್ಲಿ ಬಂದು ಕಲಿಸಿದ್ದಂತೆ. 'ಬಂದದ್ದನ್ನು ನಾವು ಬಿಟ್ಟುಕೊಡಲಿಲ್ಲ, ನೀನೂ ಇವಳನ್ನು ಕಳಿಸಬೇಡ' ಅಂದರು. ಕ್ವಾರ್ಟರ್ಸಿಗೆ ನಾಳೆಯೇ ಹೇಳ್ತಾರೆ."

ಸಫಿಯತ್ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನು ಹೋದರೆ ನಿಮಗೆ ಸಮಾಧಾನ ಅಂದುಕೊಂಡಿದ್ದೆ."

"ಹುಚ್ಚಾ ನಿನಗೆ? ನಿನ್ನನ್ನು ಇಲ್ಲೇ ಇರಿಸಿಕೊಳ್ಳಲಿಕ್ಕೇ ಅಲ್ವಾ ಇಷ್ಟೆಲ್ಲ?"

"ಮತ್ತೆ ಇಷ್ಟು ದಿನ ಒಂದು ಮಾತೂ ಇಲ್ಲದ್ದು?"

ಇಡೀ ಮೆಸ್ಸನ್ನು ಗದರಿಸಿ ನಡೆಸುವ ಗಂಡಸು ನೆಲ ನೋಡಿದ. "ನಿಕಾಹ್ ಆದ ತಿಂಗಳಿಗೇ ಇಲ್ಲಿಗೆ ಬಂದವ ನಾನು. ನಿನ್ನ ಹತ್ತಿರ ಮಾತಾಡಲಿಕ್ಕೆ... ನಾಚಿಕೆ."

"ಈಗ?"

"ಈಗಲೂ ಉಂಟು. ನೀನು ಇಲ್ಲೇ ಇರ್ತೀಯಲ್ಲ, ನಿಧಾನಕ್ಕೆ ಹೋಗ್ತದೆ."